ಇಡಿಯಂ ಮೇಷ್ಟ್ರ ಕಡೆಯ ಮಾತು

ಮೇಷ್ಟ್ರಿಗೆ ಬಾಯಿ ಬಿದ್ದುಹೋಯಿತು ಎಂಬ ಸುದ್ದಿ ಹಬ್ಬಿದಾಗ ಅವರ ಹಳೆಯ ವಿದ್ಯಾರ್ಥಿಗಳಲ್ಲಿ ಎಷ್ಟು ಜನ ಮರುಗಿದರೋ, ಎಷ್ಟು ಜನ ಒಳಗೊಳಗೇ ಉಸ್ಸಪ್ಪ ಎಂದರೋ, ಹೇಳುವುದು ಕಷ್ಟ. ಹುಡುಗರ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು ಅವರು. ವ್ಯಾಕರಣ, ಪ್ರಬಂಧ, ಪದ್ಯ ಎಲ್ಲ ಅವರ ಪಾಲಿಗೆ ಹೊಟ್ಟೆಪಾಡು. ಪ್ರಾಣ ಇದ್ದದ್ದು ಇಡಿಯಮ್ಮುಗಳಲ್ಲಿ, ಅಂದರೆ ಇಂಗ್ಲಿಷಿನ ನುಡಿಗಟ್ಟುಗಳಲ್ಲಿ. ಹಾಜರಿ ಕೂಗುವಾಗಲೂ ಒಬ್ಬೊಬ್ಬನ ಕಡೆ ಒಂದೊಂದು ಇಡಿಯಂ ಎಸೆದು, ಹೆಬ್ಬೆರಳಿಂದ ಮೇಜಿನ ಮೇಲೆ ಟಕ್ ಟಕ್ ಎಂದು ತಟ್ಟುತ್ತ ಕಾಯುತ್ತಿದ್ದರು. ಅರ್ಥ ಹೇಳಿದವನು ಹಾಜರ್. ಹೇಳದವನು ಮೂಗಿನ ಮುಂದೆಯೇ ನಿಂತಿದ್ದರೂ ಗೈರುಹಾಜರ್. ಹಾಗಾಗಿ ಹೆತ್ತವರಿಟ್ಟ ಹೆಸರು ಮೂಲೆಗೆ ಬಿದ್ದು ಅವರು ಎಲ್ಲರಿಗೂ ಇಡಿಯಂ ಮೇಷ್ಟ್ರಾಗಿದ್ದರು.

ಲಕ್ವ ಹೊಡೆದದ್ದು ಬಲಗಡೆಗೆ. ಕೈಕಾಲಿನ ಜೊತೆ ಮಾತನ್ನೂ ಬಳಿದುಕೊಂಡು ಹೋಯಿತು. ಕನ್ನಡದಲ್ಲಿ 'ನೀರು' ಎನ್ನಲು ಬಾರದು, ಇಂಗ್ಲಿಷಿನಲ್ಲೂ ಬಾರದು. ಉಳಿದದ್ದು ಇಡಿಯಮ್ಮುಗಳು ಮಾತ್ರ. ಅವು ಮಾತ್ರ ಒಂದಕ್ಷರ ತಪ್ಪದೆ, ಹಳೆಯ ಗತ್ತಿನಲ್ಲೇ ಬಾಯಿಂದ ಬರುತ್ತಿದ್ದವು. ಮಾತು ಕಲಿಸಲು ಬರುತ್ತಿದ್ದ ಥೆರಪಿಸ್ಟ್ ಅದಕ್ಕೆ ಆಶ್ಚರ್ಯಪಡಲಿಲ್ಲ. "ನಾವು ಯೋಚನೆ ಮಾಡಿ ಆಡೋ ಮಾತು ಒಂದು ಕಡೆ ಇರುತ್ತೆ, ಬಾಯಿಪಾಠ ಆಗಿರೋದು ಇನ್ನೊಂದು ಕಡೆ ಇರುತ್ತೆ. ಪೆಟ್ಟು ಬಿದ್ದಿರೋದು ಮೊದಲನೆಯದಕ್ಕೆ. ಇವರಿಗೆ ಉಳಿದಿರೋದರಲ್ಲೇ ಸಂಸಾರ ಮಾಡಬೇಕು," ಎಂದು ಹೇಳಿ ಹೋದರು.

ಸಂಸಾರ ನಡೆಸಲು ಮಗಳಿದ್ದಳು. ಅವಳ ಕಸುಬೂ ಅದೇ ಜಾತಿಯದು. ಇಂಗ್ಲಿಷ್ ಸಿನಿಮಾಗಳಿಗೆ ಕನ್ನಡ ಸಬ್‌ಟೈಟಲ್ ಬರೆಯುವ ಕೆಲಸ, ಮನೆಯಲ್ಲೇ ಕೂತು. ಪರದೆಯ ಕೆಳಗೆ ಎರಡೇ ಸಾಲು. ಆಡುವವನು ಬಾಯಿ ಮುಚ್ಚುವುದರೊಳಗೆ ನೋಡುವವನು ಓದಿ ಮುಗಿಸಬೇಕು. ಇಡಿಯಂ ಬಂದರೆ ಉಳಿದವರು ತಲೆ ಕೆರೆದುಕೊಂಡರೆ ಇವಳು ಕಣ್ಣು ಮುಚ್ಚಿ ಹೊಡೆದುಹಾಕುತ್ತಿದ್ದಳು. ಅಪ್ಪನ ತೊಡೆಯ ಮೇಲೆ ಕಲಿತದ್ದು, ಎಲ್ಲಿಗೆ ಹೋಗುತ್ತದೆ? ಅಣ್ಣ ಅವಳನ್ನು ಚಿಕ್ಕಂದಿನಿಂದ ಡಿಕ್ಷನರಿ ಎಂದೇ ರೇಗಿಸುತ್ತಿದ್ದ. ಈಗ ಆ ಅಡ್ಡಹೆಸರಿಗೆ ಒಂದು ಮರ್ಯಾದೆ ಬಂತು. ಅಪ್ಪ ಏನಾದರೂ ಹೇಳಿ ಎಡಗೈಯ ಹೆಬ್ಬೆರಳಿಂದ ಮಂಚದ ಕಂಬಿಯನ್ನು ಟಕ್ ಟಕ್ ಎನಿಸಿದರೆ ಸಾಕು, ಮನೆಯಲ್ಲಿದ್ದವರೆಲ್ಲ ಅವಳ ಕಡೆ ತಿರುಗಿ "ಏನಂತೆ?" ಎನ್ನುತ್ತಿದ್ದರು. ಅಮ್ಮ, ಅಣ್ಣ, ಡಾಕ್ಟರ್, ಕೆಳಗಿನ ಮನೆಯವರು, ಎಲ್ಲರದೂ ಅದೇ ಪ್ರಶ್ನೆ. ಅವಳು ಹೇಳುತ್ತಿದ್ದಳು. ಹೇಳುವಾಗ ಮುಖದಲ್ಲಿ ಸ್ವಲ್ಪ ಜಂಬ ಇರುತ್ತಿತ್ತು, ಅದನ್ನು ಮುಚ್ಚಿಡುವುದು ಬೇಡ.

ಮನೆ ಮೂರನೆಯ ಮಹಡಿಯಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ, ಗಿಡದ ಕುಂಡವೊಂದೇ ಹಿಡಿಸುವಷ್ಟು ಬಾಲ್ಕನಿ. ಮುಂದಿನ ಕೋಣೆಯಲ್ಲಿ ಅಪ್ಪನ ಮಂಚ, ತಲೆಭಾಗ ಎತ್ತಲು ಹಿಡಿಕೆ ತಿರುಗಿಸುವಂಥದು. ಮಂಚದ ಎದುರು ಮರದ ಬೀರು. ಪಕ್ಕದಲ್ಲಿ ಅಮ್ಮನ ಕುರ್ಚಿ. ಅಮ್ಮ ಆಲೂಗಡ್ಡೆ ಸುಲಿಯುವುದು, ಬಟ್ಟೆ ಮಡಚುವುದು, ಬೇಜಾರು ಮಾಡಿಕೊಳ್ಳುವುದು ಎಲ್ಲ ಆ ಕುರ್ಚಿಯಲ್ಲೇ. ಅವರ ಬಾಯಿಗೆ ಬೀಗವಿಲ್ಲ. ಗಂಡನಿಗೆ ಮಾತು ನಿಂತ ಮೇಲೆ ಇಬ್ಬರ ಪಾಲನ್ನೂ ತಾವೇ ಆಡಬೇಕೆಂದು ಯಾರೋ ಹೇಳಿದಂತೆ, ಬೆಳಗಿನಿಂದ ಸಂಜೆಯವರೆಗೆ ವಟವಟ ನಡೆದೇ ಇರುತ್ತಿತ್ತು. ಕನ್ನಡದಲ್ಲಿ ಮಾತ್ರ. ಇಂಗ್ಲಿಷ್ ಕಿವಿಗೆ ಬಿದ್ದರೆ ಅಮ್ಮ ಆ ಕಡೆಯ ಕಿವಿಯನ್ನೇ ಕೆರೆದುಕೊಳ್ಳುತ್ತಿದ್ದರು.

ಮೊದಲ ಸಲ ಅದು ನಡೆದಾಗ ಮಗಳಿಗೆ ಏನೂ ಗೊತ್ತಾಗಲಿಲ್ಲ. ಮಧ್ಯಾಹ್ನ ಅಪ್ಪನ ಗಡ್ಡ ಹೆರೆಯುತ್ತಿದ್ದಳು. ಅಪ್ಪ ಮಂಚದ ಕಾಲುಭಾಗದ ಕಡೆ ನೋಡಿ, "ಸಮ್‌ಬಡಿ ಈಸ್ ಪುಲಿಂಗ್ ಮೈ ಲೆಗ್," ಎಂದರು. ಇವಳು ಕೆನ್ನೆಯ ಸೋಪು ಒರೆಸುತ್ತ ಸುಮ್ಮನೆ ನಕ್ಕಳು. ಹೊದಿಕೆ ಕಾಲಿನ ಕಡೆಗೆ ನಿಧಾನವಾಗಿ ಸರಿಯುತ್ತಿತ್ತು. ಜಾರುತ್ತಿದೆ ಎಂದುಕೊಂಡು ಎಳೆದು ಸರಿ ಮಾಡಿದಳು. ಮತ್ತೆ ಸರಿಯಿತು. ಜೊತೆಗೆ ಅಪ್ಪನೂ ಸರಿದರು. ತಲೆ ದಿಂಬು ಬಿಟ್ಟು ಗೇಣುದ್ದ ಕೆಳಗೆ ಹೋಗಿತ್ತು. ಅಡುಗೆಮನೆಯಿಂದ ಅಮ್ಮ, "ಏನಂತೆ?" ಎಂದು ಕೂಗಿದರು. "ಯಾರೋ ಕಾಲೆಳೀತಾ ಇದಾರಂತೆ. ತಮಾಷೆ ಮಾಡ್ತಿದಾರೆ ಅಂತ," ಎಂದಳು ಮಗಳು. ಹೊದಿಕೆ ಅಲ್ಲೇ ನಿಂತಿತು. ಅಪ್ಪನನ್ನು ಕಂಕುಳಿಗೆ ಕೈ ಹಾಕಿ ಮೇಲಕ್ಕೆ ಎಳೆದುಕೊಳ್ಳುವಾಗ ಅವರ ಹಿಮ್ಮಡಿಯ ಮೇಲೆ ಬೆರಳು ಒತ್ತಿದ ಕೆಂಪು ಗುರುತು ಕಂಡಿತು. ತಾನೇ ಎಲ್ಲೋ ಒತ್ತಿ ಹಿಡಿದಿರಬೇಕು ಎಂದುಕೊಂಡಳು.

ಎರಡನೆಯ ಸಲ ಹಾಗೆ ಅಂದುಕೊಳ್ಳಲು ಆಗಲಿಲ್ಲ. ಅವಳು ಒಳಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೆಲಸ ಮಾಡುತ್ತಿದ್ದಳು. ಹೆಡ್‌ಫೋನ್ ತೆಗೆದಾಗ ಮನೆ ಮೌನವಾಗಿತ್ತು. ಆ ಮನೆಯಲ್ಲಿ ಹಗಲು ಹೊತ್ತು ಮೌನ ಎಂದರೆ ಅಮ್ಮ ಇಲ್ಲವೆಂದೇ ಅರ್ಥ. ಓಡಿ ಬಂದರೆ ಅಮ್ಮ ಕುರ್ಚಿಯಲ್ಲೇ ಇದ್ದಾರೆ. ಬಾಯಿ ಅರೆತೆರೆದಿದೆ, ಕಣ್ಣಲ್ಲಿ ನೀರು. ಎರಡು ಕೈಯಿಂದ ಕುರ್ಚಿಯ ತೋಳು ಹಿಡಿದುಕೊಂಡು ಏನೋ ಹೇಳಲು ಹೆಣಗುತ್ತಿದ್ದಾರೆ, ಗಂಟಲಿಂದ ಗೊರ ಗೊರ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಬಾಲ್ಕನಿಯ ಬಾಗಿಲಿಂದ ಕುರ್ಚಿಯವರೆಗೆ ನೆಲದ ಮೇಲೆ ಒದ್ದೆ ಹೆಜ್ಜೆ, ಬೆಕ್ಕಿನದು. ಮೂರನೆಯ ಮಹಡಿಗೆ ಯಾವ ಬೆಕ್ಕು ಹತ್ತಿ ಬಂದೀತು?

ಅಪ್ಪ ಟಕ್ ಟಕ್ ಎಂದು ಕಂಬಿ ತಟ್ಟುತ್ತಿದ್ದರು. "ಕ್ಯಾಟ್ ಗಾಟ್ ಯುವರ್ ಟಂಗ್?" ಎಂದು ಅಮ್ಮನನ್ನೇ ನೋಡುತ್ತ ಮತ್ತೆ ಕೇಳಿದರು. ಅವರ ಕಣ್ಣಲ್ಲಿ ತುಂಟತನವಿರಲಿಲ್ಲ. ಹೆದರಿದ್ದರು. ಮಗಳ ಬಾಯಿಂದ ಅಭ್ಯಾಸಬಲದಿಂದ ಮಾತು ಬಂತು: "ಅಮ್ಮಾ, ಯಾಕೆ ಸುಮ್ಮನಿದೀಯ, ಮಾತಾಡು ಅಂತಿದಾರೆ, ಅಷ್ಟೇ."

ಅಮ್ಮ ಒಂದು ದೊಡ್ಡ ಉಸಿರೆಳೆದುಕೊಂಡರು. ನಾಲಿಗೆ ಹೊರಗೆ ಚಾಚಿ, ಬೆರಳಿಂದ ಮುಟ್ಟಿ ನೋಡಿ, ಅದರ ಮೇಲಿಂದ ಒಂದು ಬಿಳಿಯ ರೋಮ ತೆಗೆದರು. "ದೊರಗು ದೊರಗಾಗಿ ಏನೋ ನನ್ನ ನಾಲಿಗೇನ ಹಿಡ್ಕೊಂಡಿತ್ತು ಪುಟ್ಟಿ," ಎಂದರು. ಆಮೇಲೆ ಸಂಜೆಯವರೆಗೂ ಬಾಯಿ ಮುಕ್ಕಳಿಸುತ್ತಲೇ ಇದ್ದರು.

ಮಗಳಿಗೆ ಅನುಮಾನ ಹುಟ್ಟಿತು. ಮರುದಿನ ಅಪ್ಪ ಬೀರುವಿನ ಕಡೆ ನೋಡಿ "ಸ್ಕೆಲಿಟನ್ ಇನ್ ದ ಕಬರ್ಡ್" ಎಂದಾಗ ಅವಳು ಬೇಕೆಂದೇ ಸುಮ್ಮನಿದ್ದಳು. ಬೀರುವಿನೊಳಗೆ ಬಟ್ಟೆ ತೂಗುಹಾಕುವ ಹ್ಯಾಂಗರ್‌ಗಳು ಒಂದಕ್ಕೊಂದು ತಾಗಿದವು. ಆಮೇಲೆ ಯಾರೋ ಇಕ್ಕಟ್ಟಿನಲ್ಲಿ ಕೂತವರು ಕಾಲು ಬದಲಿಸಿದ ಸದ್ದು. ಒಳಗಿನಿಂದ ಬಾಗಿಲಿಗೆ ಏನೋ ಒರಗಿತು; ಬಾಗಿಲು ಸಣ್ಣಗೆ ಉಬ್ಬಿತು. ಅವಳು ಗಡಬಡಿಸಿ, "ಮನೆಯೊಳಗೆ ಮುಚ್ಚಿಟ್ಟ ಗುಟ್ಟು ಅಂತ ಅರ್ಥ," ಎಂದು ಜೋರಾಗಿ ಹೇಳಿದಳು. ಹ್ಯಾಂಗರ್‌ಗಳು ತೂಗಾಡಿ ತೂಗಾಡಿ ನಿಂತವು. ಬಾಗಿಲು ತೆಗೆದು ನೋಡಿದರೆ ಅಪ್ಪನ ಕೋಟುಗಳು, ಅಮ್ಮನ ಸ್ವೆಟರ್‌ಗಳು ಮಾತ್ರ. ಅಷ್ಟಕ್ಕೆ ವಿಷಯ ಸ್ಪಷ್ಟವಾಯಿತು. ಅರ್ಥ ಹೇಳಿದರೆ ಮಾತು ಮಾತಾಗಿಯೇ ಇರುತ್ತದೆ. ಹೇಳದಿದ್ದರೆ ಅದು ನಡೆದೇಬಿಡುತ್ತದೆ.

ಇಂಥದ್ದನ್ನು ಯಾರಿಗೆ ಹೇಳುವುದು? ಡಾಕ್ಟರಿಗೆ ಹೇಳಿದರೆ ಅವಳಿಗೇ ಮಾತ್ರೆ ಬರೆದುಕೊಡುತ್ತಾರೆ. ಅಣ್ಣನಿಗೆ ಹೇಳಿದರೆ ಅಪ್ಪನನ್ನು ಆರೈಕೆ ಕೇಂದ್ರಕ್ಕೆ ಸೇರಿಸೋಣ ಎಂಬ ಹಳೆಯ ರಾಗ ತೆಗೆಯುತ್ತಾನೆ. ಅಲ್ಲಿನ ನರ್ಸುಗಳಿಗೆ ಇಡಿಯಂ ಬರಬೇಕಲ್ಲ! ಒಂದು ಸಂಜೆ ಸಾಕು, ಕಟ್ಟಡಕ್ಕೆ ಕಟ್ಟಡವೇ ಎದ್ದುಹೋಗುತ್ತದೆ. ಮಗಳು ತನ್ನ ಮೇಜನ್ನು ಅಪ್ಪನ ಮಂಚದ ಪಕ್ಕಕ್ಕೆ ಎಳೆದುತಂದಳು. ಹೆಡ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಂಡು, ಇನ್ನೊಂದು ಕಿವಿಯನ್ನು ಅಪ್ಪನಿಗೆ ಬಿಟ್ಟಳು. ಅಪ್ಪ ಹೇಳುವುದು, ಇವಳು ಅರ್ಥ ಹೇಳುವುದು. ಸ್ನಾನಕ್ಕೆ ಹೋದರೆ ಬಾಗಿಲು ಅರೆತೆರೆದೇ ಇರುತ್ತಿತ್ತು. ಭಯಕ್ಕೂ ಮನುಷ್ಯ ಒಗ್ಗಿಕೊಳ್ಳುತ್ತಾನೆ, ಅವಳೂ ಒಗ್ಗಿಕೊಂಡಳು. ಇಡೀ ಮನೆ ತನ್ನ ನಾಲಿಗೆಯ ಮೇಲೆ ನಿಂತಿದೆ ಎಂಬುದು ಅವಳಿಗೆ ಒಳಗೆಲ್ಲೋ ಹಿತವಾಗಿಯೂ ಇತ್ತು.

ಹೀಗಿರುವಾಗ ಒಂದು ಬೆಳಿಗ್ಗೆ, ಅಮ್ಮ ಕುರ್ಚಿಯಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದಾಗ, ಅಪ್ಪ ಬಹಳ ಹೊತ್ತು ಅವರ ಕೈಯನ್ನೇ ನೋಡಿದರು. ಆಮೇಲೆ ಮೆಲ್ಲಗೆ, ಹಾಜರಿ ಕೂಗುವ ಗತ್ತಿಲ್ಲದೆ, "ಪುಟ್ ಮಿ ಇನ್ ಯುವರ್ ಸ್ಟಮಕ್," ಎಂದರು.

ಅಮ್ಮನ ಕೈಯಿಂದ ಆಲೂಗಡ್ಡೆ ಜಾರಿ ಮಂಚದ ಕೆಳಗೆ ಉರುಳಿತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ.

ಮಗಳು ಅರ್ಥ ಹೇಳಲು ಬಾಯಿ ತೆರೆದಳು. ಬಾಯಲ್ಲಿ ಏನೂ ಇರಲಿಲ್ಲ. ನನ್ನನ್ನು ನಿನ್ನ ಹೊಟ್ಟೆಯೊಳಗೆ ಇಡು. ಇದೆಂಥ ಇಡಿಯಂ? ಇಂಗ್ಲಿಷಿನಲ್ಲಿ ಹೊಟ್ಟೆಯೊಳಗೆ ಚಿಟ್ಟೆ ಹಾರುವುದು ಗೊತ್ತು, ಹೊಟ್ಟೆಗಿಂತ ಕಣ್ಣು ದೊಡ್ಡದಾಗುವುದು ಗೊತ್ತು. ಇದನ್ನು ಅವಳು ಹುಟ್ಟಿದಾರಭ್ಯ ಕೇಳಿರಲಿಲ್ಲ. ಅಪ್ಪನ ಹೆಬ್ಬೆರಳು ಕಂಬಿಯನ್ನು ತಟ್ಟತೊಡಗಿತು. "ಹಸಿವಾಗಿದೆ ಅಂತ," ಎಂದಳು. ತಟ್ಟುವುದು ನಿಲ್ಲಲಿಲ್ಲ. "ಹತ್ತಿರ ಕೂತ್ಕೋ ಅಂತ. ನೋಡ್ಕೋ ಅಂತ." ನಿಲ್ಲಲಿಲ್ಲ. ಅಮ್ಮ ಎದ್ದು ಅಡುಗೆಮನೆಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಮಗಳು ಹೋಗಿ ನೋಡಿದರೆ, ಬ್ರೆಡ್ಡಿನ ಪೊಟ್ಟಣ ಖಾಲಿಯಾಗಿತ್ತು. ಅಮ್ಮ ನಿಂತುಕೊಂಡೇ ಕೊನೆಯ ತುಂಡು ನುಂಗುತ್ತಿದ್ದರು.

"ಏನಮ್ಮಾ ಇದು?"

"ಹಸಿವು ಕಣೇ," ಎಂದರು ಅಮ್ಮ. "ಯಾಕೋ ತಡೆಯೋಕೇ ಆಗ್ತಿಲ್ಲ."

ನಿಮಗೆ ಇಷ್ಟರಲ್ಲಿ ಅರ್ಥ ಹೊಳೆದಿದ್ದರೆ ಅದು ನಿಮ್ಮ ಪುಣ್ಯ. ಅವಳಿಗೆ ಹೊಳೆಯಲಿಲ್ಲ. ತಲೆಯೊಳಗೆ ಇಂಗ್ಲಿಷಿಗೊಂದು ಕೋಣೆ, ಕನ್ನಡಕ್ಕೊಂದು ಕೋಣೆ ಮಾಡಿಕೊಂಡು, ನಡುವಿನ ಬಾಗಿಲಲ್ಲಿ ಕೂತು ಹೊಟ್ಟೆ ಹೊರೆಯುವವಳು ಅವಳು. ಇಂಗ್ಲಿಷ್ ಕೋಣೆಯಿಂದ ಬಂದ ಮಾತನ್ನು ಇಂಗ್ಲಿಷ್ ಕೋಣೆಯಲ್ಲೇ ಹುಡುಕಿದಳು. ಮನೆಯಲ್ಲಿದ್ದ ಕೋಶಗಳನ್ನೆಲ್ಲ ತಡಕಿದಳು. ಸಬ್‌ಟೈಟಲ್ ಬರೆಯುವವರ ಗುಂಪಿನಲ್ಲಿ ಕೇಳಿದಳು. ಒಬ್ಬರು ಹಡಗಿನವರ ಮಾತಿರಬೇಕು ಎಂದರು, ಇನ್ನೊಬ್ಬರು ಯಾವುದೋ ಶಿಶುಗೀತೆ ಎಂದರು, ಮತ್ತೊಬ್ಬರು ನಗುವ ಮುಖ ಕಳಿಸಿ ಸುಮ್ಮನಾದರು. ಸಿಕ್ಕ ಅರ್ಥವನ್ನೆಲ್ಲ ತಂದು ಅಪ್ಪನ ಕಿವಿಯಲ್ಲಿ ಹೇಳಿದಳು. ಅಪ್ಪ ಕಂಬಿ ತಟ್ಟುತ್ತಲೇ ಇದ್ದರು.

ಅಪ್ಪ ಕಡಿಮೆಯಾಗತೊಡಗಿದರು. ಮೊದಲಾದರೆ ಹಾಸಿಗೆಯ ಬಟ್ಟೆ ಬದಲಿಸಲು ಇಬ್ಬರು ಸೇರಿ ಅವರನ್ನು ಹೊರಳಿಸಬೇಕಿತ್ತು. ಈಗ ಅವಳೊಬ್ಬಳೇ ಒಂದು ತೋಳಲ್ಲಿ ಎತ್ತಿ ಇನ್ನೊಂದು ಕೈಯಲ್ಲಿ ಬಟ್ಟೆ ಎಳೆಯುತ್ತಿದ್ದಳು. ಬರೀ ಸೊರಗಿದ್ದಲ್ಲ, ಕುಗ್ಗಿದ್ದು. ಮೊದಲು ಮಂಚದ ತುದಿಯ ಹಲಗೆಗೆ ತಾಗುತ್ತಿದ್ದ ಪಾದಗಳು ಈಗ ಅದರಿಂದ ಮೊಳ ದೂರದಲ್ಲಿದ್ದವು. ದಿಂಬಿನ ಮೇಲೆ ತಲೆಯ ಕುಳಿಯೇ ಬೀಳುತ್ತಿರಲಿಲ್ಲ. ಡಾಕ್ಟರ್ ಬಂದು, ಮಲಗಿದಲ್ಲೇ ಇರುವವರು ಹೀಗಾಗುವುದುಂಟು ಎಂದು ಟಾನಿಕ್ ಬರೆದುಕೊಟ್ಟು ಹೋದರು.

ಅತ್ತ ಅಮ್ಮ ಉಣ್ಣುತ್ತಿದ್ದರು. ಅನ್ನದ ಪಾತ್ರೆ ಖಾಲಿ, ಹಣ್ಣಿನ ಬುಟ್ಟಿ ಖಾಲಿ, ಬಿಸ್ಕತ್ತಿನ ಡಬ್ಬಿಯ ತಳದ ಪುಡಿಯೂ ಖಾಲಿ. ಮುಖ, ಕೈಕಾಲು ಮೊದಲಿನಂತೆ ಕಡ್ಡಿಯೇ. ಹೊಟ್ಟೆ ಮಾತ್ರ ಏಪ್ರನ್ನಿನ ಕೆಳಗೆ ಗುಂಡಗೆ ಎದ್ದು ಬರುತ್ತಿತ್ತು. ವಟವಟ ಪೂರ್ತಿ ನಿಂತುಹೋಯಿತು. ಕುರ್ಚಿಯಲ್ಲಿ ಕೂತು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಗಂಡನನ್ನು ನೋಡುತ್ತಿರುತ್ತಿದ್ದರು. ಆ ನೋಟದಲ್ಲಿ ಕೋಪವಿತ್ತೋ ಮರುಕವಿತ್ತೋ ಮಗಳಿಗೆ ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳು ಅಪ್ಪನಿಗೆ ಚಮಚದಲ್ಲಿ ಸೂಪು ಕುಡಿಸುತ್ತಿದ್ದಳು. ಬಾಯಿಗಿಟ್ಟಳು, ಬಾಯಿ ಮುಚ್ಚಿತು, ಗಂಟಲು ಅಲ್ಲಾಡಲಿಲ್ಲ. ಬೆನ್ನ ಹಿಂದೆ ಕುರ್ಚಿಯಲ್ಲಿದ್ದ ಅಮ್ಮ ಗುಟುಕ್ ಎಂದು ನುಂಗಿದ ಸದ್ದಾಯಿತು. "ಉಪ್ಪು ಕಮ್ಮಿ ಆಗಿದೆ ಪುಟ್ಟಿ ಸೂಪಿಗೆ," ಎಂದರು ಅಮ್ಮ. ಅವರು ಸೂಪು ಮುಟ್ಟಿಯೇ ಇರಲಿಲ್ಲ. ಮಗಳು ಸರಕ್ಕನೆ ತಿರುಗಿದಾಗ ಚಮಚದ ಸೂಪು ಅಪ್ಪನ ಎದೆಯ ಮೇಲೆ ಚೆಲ್ಲಿತು. ಆ ಗದ್ದಲದಲ್ಲಿ ಅವಳಿಗೆ ಇನ್ನೊಂದು ವಿಷಯ ಗಮನಕ್ಕೆ ಬಂತು: ಅಪ್ಪನ ಎಡಗೈ ಹೊದಿಕೆಯ ಮೇಲೆ ಅಲುಗದೆ ಬಿದ್ದಿದೆ. ಆದರೆ ಟಕ್ ಟಕ್ ನಿಂತಿಲ್ಲ. ಅದು ಕುರ್ಚಿಯ ಕಡೆಯಿಂದ, ಅಮ್ಮನ ಏಪ್ರನ್ನಿನ ಒಳಗಿನಿಂದ ಬರುತ್ತಿತ್ತು.

ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಜಂಬವೆಲ್ಲ ಇಳಿದುಹೋಗಿತ್ತು. ಒಂದು ಮಾತಿನ ಅರ್ಥ ಗೊತ್ತಿಲ್ಲದ್ದಕ್ಕೆ ಅಪ್ಪ ಕಣ್ಣೆದುರಿಗೇ ಕರಗಿಹೋಗುತ್ತಿದ್ದರು, ಅದೂ ಅಮ್ಮನೊಳಕ್ಕೆ.

ಭಾನುವಾರ ಅಣ್ಣ ಬಂದ. ಅವನು ಬರುವುದೇ ಭಾನುವಾರ, ಕಾರಿನ ಕೀಲಿ ತಿರುಗಿಸುತ್ತ, ಕೂರುವ ಮೊದಲೇ ಹೊರಡುವ ಮಾತಾಡುತ್ತ. ಅಂದು ಮಾತ್ರ ಮಂಚ ನೋಡಿ ಕೀಲಿ ತಿರುಗಿಸುವುದನ್ನು ನಿಲ್ಲಿಸಿದ. ಅಪ್ಪ ಹೊದಿಕೆಯೊಳಗೆ ಒಂದು ದಿಂಬಿನಷ್ಟಿದ್ದರು.

"ಏನೇ ಇದು? ನನಗೆ ಒಂದು ಫೋನ್ ಮಾಡಬಾರದಿತ್ತಾ?"

ಅವಳು ಉತ್ತರಿಸುವ ಮೊದಲೇ ಅಪ್ಪ ಕಣ್ಣು ತೆರೆದರು. ಧ್ವನಿ ಪಕ್ಕದ ಮನೆಯಿಂದ ಬಂದಂತಿತ್ತು. "ಪುಟ್ ಮಿ ಇನ್ ಯುವರ್ ಸ್ಟಮಕ್."

ಅಣ್ಣ ನಕ್ಕುಬಿಟ್ಟ. ಅಳು ಬರುವ ಹೊತ್ತಿಗೆ ನಗು ಬಂದರೆ ಹೇಗೋ ಹಾಗೆ, ಕಣ್ಣೊರೆಸಿಕೊಳ್ಳುತ್ತ ನಕ್ಕ. "ಅಯ್ಯೋ ಅಪ್ಪಾ, ಇನ್ನೂ ಅದನ್ನ ಬಿಟ್ಟಿಲ್ವಾ ನೀನು?"

"ಏನದು? ನಿನಗೆ ಗೊತ್ತಾ?" ಮಗಳು ಅವನ ತೋಳು ಹಿಡಿದುಕೊಂಡಳು.

"ನಿನಗೆ ಹೇಗೆ ಗೊತ್ತಿರುತ್ತೆ, ನೀನು ನಮ್ಮ ಸ್ಕೂಲಲ್ಲಿ ಓದಿಲ್ವಲ್ಲ. ಅಪ್ಪನ ಪರ್ಮನೆಂಟ್ ಜೋಕು ಕಣೇ. ಪ್ರತಿ ವರ್ಷ ಮೊದಲನೇ ದಿನದ ಕ್ಲಾಸಲ್ಲಿ ಹೇಳೋರು. ಕನ್ನಡದಲ್ಲಿ ಯೋಚನೆ ಮಾಡಿ ಇಂಗ್ಲಿಷ್ ಮಾತಾಡಿದ್ರೆ ಏನಾಗುತ್ತೆ ಅನ್ನೋದಕ್ಕೆ. ಯಾರೋ ಒಬ್ಬ ಹೆಂಗಸು, ಹೊಸದಾಗಿ ಮದುವೆ ಆದವಳು, ಗಂಡನ ಸ್ಕೂಲಿನ ಹೆಡ್‌ಮಾಸ್ಟರು ಇವಳ ಮನೆಗೆ ಬಂದಾಗ ಅವರ ಕೋಟಿನ ಮೇಲೆ ಟೀ ಚೆಲ್ಲಿದಳಂತೆ. ಇಂಗ್ಲಿಷಲ್ಲೇ ಕ್ಷಮೆ ಕೇಳಬೇಕು ಅಂತ ಎದ್ದು ನಿಂತು, ಪುಟ್ ಮಿ ಇನ್ ಯುವರ್ ಸ್ಟಮಕ್ ಅಂದಳಂತೆ. ಹೊಟ್ಟೆಗೆ ಹಾಕ್ಕೊಳ್ಳಿ ಅಂತ! ಕ್ಲಾಸಿಗೆ ಕ್ಲಾಸೇ ಹೊಟ್ಟೆ ಹಿಡ್ಕೊಂಡು ನಗೋದು."

ಅವನು ನಗು ಮುಗಿಸಿ ತಲೆಯೆತ್ತಿದ. ಕೋಣೆಯಲ್ಲಿ ಬೇರೆ ಯಾರೂ ನಗುತ್ತಿರಲಿಲ್ಲ. ಅಮ್ಮ ಏಪ್ರನ್ನಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಮಾಡುತ್ತಿದ್ದರು. ಅವರ ಮುಖ ಕೆಂಪಾಗಿತ್ತು. ಮಗಳು ಅಮ್ಮನ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು, ಆ ಹೆಂಗಸು ಯಾರೆಂದು ಅವಳಿಗೆ ಗೊತ್ತಾಯಿತು. ಅಣ್ಣನಿಗೆ ಗೊತ್ತಾಗಲಿಲ್ಲ. ಅವನು ಇವತ್ತೇ ಅಪ್ಪನನ್ನು ಆಸ್ಪತ್ರೆಗೆ ಸೇರಿಸಬೇಕೆಂದು ಹೇಳಿ, ಕಾರನ್ನು ಬಾಗಿಲ ಹತ್ತಿರ ತರಲು ಕೆಳಗಿಳಿದುಹೋದ.

"ಅಮ್ಮಾ," ಎಂದಳು ಮಗಳು. "ನಿನಗೆ ಮೊದಲ ದಿನಾನೇ ಗೊತ್ತಾಗಿತ್ತು."

"ನನ್ನ ಮಾತು ನನಗೆ ಗೊತ್ತಾಗಲ್ವಾ?"

"ಮತ್ತೆ ಯಾಕೆ ಹೇಳಲಿಲ್ಲ?"

"ಅರ್ಥ ಹೇಳಿದ್ರೆ ಉತ್ತರಾನೂ ಕೊಡಬೇಕಾಗ್ತಿತ್ತು. ಉತ್ತರ ನನ್ನ ಹತ್ರ ಇರಲಿಲ್ಲ." ಅಮ್ಮ ಬೆರಳಿಗೆ ಸುತ್ತಿದ್ದ ಏಪ್ರನ್ನಿನ ಅಂಚನ್ನು ಬಿಟ್ಟರು. "ಅವತ್ತು ಹೆಡ್‌ಮಾಸ್ಟರ್ ನಗಲಿಲ್ಲ ಪುಟ್ಟಿ. ಪಾಪ, ಪರವಾಗಿಲ್ಲಮ್ಮ ಅಂದ್ರು. ನಕ್ಕಿದ್ದು ಇವರು. ಸರಿ, ಗಂಡ ಅಲ್ವಾ, ನಗಲಿ ಅಂದ್ಕೊಂಡೆ. ಆಮೇಲೆ ಒಂದಿನ ಅಂಗಡೀಲಿ ಯಾರೋ ಇಬ್ಬರು ಹುಡುಗರು ಅದೇ ಮಾತು ಹೇಳ್ಕೊಂಡು ನಗ್ತಿದ್ರು. ವರ್ಷಾ ವರ್ಷಾ ಹೊಸ ಹುಡುಗರು, ಹೊಸ ನಗು. ಅವರು ಹೇಳ್ತಾನೇ ಬಂದ್ರು. ನಾನು ಅವರಿಗೆ ಡಬ್ಬಿ ಕಟ್ಟಿ ಕಳಿಸ್ತಾನೇ ಬಂದೆ."

ಮಗಳಿಗೆ ಅಳುತ್ತ ಕೂರುವ ಹೊತ್ತು ಅದಲ್ಲ. ಹೊದಿಕೆ ಇನ್ನಷ್ಟು ಇಳಿದಿತ್ತು. ಅವಳು ಅಪ್ಪನ ಕಡೆ ಬಾಗಿ, ಸ್ಪಷ್ಟವಾಗಿ, ಪಾಠ ಒಪ್ಪಿಸುವಂತೆ ಹೇಳಿದಳು: "ಕ್ಷಮಿಸು ಅಂತ ಅರ್ಥ."

ಏನೂ ಆಗಲಿಲ್ಲ. ಏಪ್ರನ್ನಿನೊಳಗೆ ಟಕ್ ಟಕ್ ನಡೆದೇ ಇತ್ತು. ಇನ್ನೊಮ್ಮೆ ಹೇಳಿದಳು, ಮತ್ತೊಮ್ಮೆ ಕೂಗಿ ಹೇಳಿದಳು.

"ನೀನು ಹೇಳಿದ್ರೆ ಆಗಲ್ಲ ಕಣೇ," ಎಂದರು ಅಮ್ಮ. "ಅದು ನಿನ್ನ ಡಿಕ್ಷನರಿಯದ್ದಲ್ಲ. ಅವರು ಕೇಳ್ತಿರೋದು ನನ್ನನ್ನ."

"ಹಾಗಾದ್ರೆ ನೀನೇ ಹೇಳಮ್ಮ. ಕ್ಷಮಿಸಿದೀನಿ ಅನ್ನು. ಅಷ್ಟೇ ಅನ್ನು. ಆ ಇನ್ನೊಂದು ಥರ ಮಾತ್ರ ಹೇಳಬೇಡ. ಅದು ನಡೆದುಹೋಗುತ್ತೆ."

ಅಮ್ಮ ಪ್ರಯತ್ನಪಟ್ಟರು. ತುಟಿ ಆಡಿಸಿದರು, 'ಕ್ಷ' ಎಂಬಲ್ಲಿಗೆ ನಿಂತರು, ತಲೆಯಾಡಿಸಿದರು. "ಆ ಮಾತನ್ನ ನಾನು ಯಾವತ್ತೂ ಆಡಿದವಳಲ್ಲ ಪುಟ್ಟಿ. ಅದು ಪುಸ್ತಕದ್ದು, ಭಾಷಣದ್ದು. ನಮ್ಮಮ್ಮ ನನಗೆ ಹೇಳಿದ್ದು, ನಾನು ನಿಮಗೆಲ್ಲ ಹೇಳಿದ್ದು ಒಂದೇ. ಬಾಯಿಗೆ ಬರದ ಮಾತಲ್ಲಿ ಹೇಳಿದ್ರೆ ಸುಳ್ಳು ಅಂತ ಅವರಿಗೂ ಗೊತ್ತಾಗುತ್ತೆ. ಇಷ್ಟು ವರ್ಷ ಆದಮೇಲೆ ಸುಳ್ಳು ಯಾಕೆ ಹೇಳಲಿ?"

ಅವರು ಕುರ್ಚಿಯನ್ನು ಮಂಚಕ್ಕೆ ತಾಗುವಂತೆ ಎಳೆದುಕೊಂಡರು. ಹೊಟ್ಟೆ ಮಂಚದ ಕಂಬಿಗೆ ತಾಗಿತು. ಬಾಗಿ ಗಂಡನ ಮುಖದ ಹತ್ತಿರ ಮುಖ ತಂದು, ಕೆಳಗಿನ ಮನೆಯವರ ಜೊತೆ ಮಾತಾಡುವಷ್ಟೇ ಸಹಜವಾಗಿ ಕೇಳಿದರು: "ರೀ, ಅವತ್ತು ನಾನು ಇನ್ನೊಂದು ಮಾತೂ ಸೇರಿಸಿದ್ದೆ. ನಿಮ್ಮ ಮಗ ಈಗ ಹೇಳಿದ್ರಲ್ಲಿ ಅದಿರಲಿಲ್ಲ. ನೀವು ಕ್ಲಾಸಲ್ಲಿ ಅದನ್ನ ಬಿಟ್ಟೇ ಹೇಳ್ತಿದ್ರಿ ಅನ್ಸುತ್ತೆ. ನೆನಪಿದೆಯಾ?"

ಅಪ್ಪನ ಮುಖ ಈಗ ಮಗುವಿನ ಅಂಗೈಯಷ್ಟಿತ್ತು. ಕಣ್ಣಲ್ಲಿ ನೀರು ತುಂಬಿಕೊಂಡು ತುಟಿ ಬಹಳ ಕಷ್ಟಪಟ್ಟಿತು. ಥೆರಪಿಸ್ಟ್ ತಿಂಗಳುಗಟ್ಟಲೆ ಹೆಣಗಿದ್ದು ಇದಕ್ಕೇ: ಬಾಯಿಪಾಠವಲ್ಲದ ಒಂದೇ ಒಂದು ಮಾತು, ಯೋಚನೆ ಮಾಡಿ ಆಡಿದ ಒಂದು ಮಾತು.

"ಪ್ಲೀಸ್," ಎಂದರು ಅಪ್ಪ. ಆಮೇಲೆ ಉಳಿದದ್ದನ್ನೂ ಹೇಳಿದರು. "ಪುಟ್ ಮಿ ಇನ್ ಯುವರ್ ಸ್ಟಮಕ್."

"ಅಮ್ಮಾ, ಬೇಡ," ಎಂದಳು ಮಗಳು.

ಅಮ್ಮ ಅವಳ ಕಡೆ ನೋಡಲಿಲ್ಲ. ಗಂಡನ ಕೆನ್ನೆಯ ಮೇಲೆ ಒಂದು ಬೆರಳಿಟ್ಟು, ಇಷ್ಟು ದಿನ ಒಳಗೆ ಕಟ್ಟಿಕೊಂಡಿದ್ದ ಗಂಟು ಬಿಚ್ಚಿಕೊಂಡವರ ಧ್ವನಿಯಲ್ಲಿ ಹೇಳಿದರು: "ಆಯ್ತು ಬಿಡಿ. ಹೊಟ್ಟೆಗೆ ಹಾಕ್ಕೊಂಡೆ."

ಅಪ್ಪನ ಮುಖದಲ್ಲಿ ಅಂಥ ನೆಮ್ಮದಿಯನ್ನು ಮಗಳು ಯಾವತ್ತೂ ಕಂಡಿರಲಿಲ್ಲ. ಅವಳು ಅದನ್ನು ನೋಡುತ್ತಲೇ ಇದ್ದಳು, ನೋಡುತ್ತಿದ್ದಂತೆಯೇ ಹೊದಿಕೆ ಮೆಲ್ಲಗೆ ಇಳಿದು ಹಾಸಿಗೆಗೆ ಸಮವಾಯಿತು. ಮಂಚದ ಸ್ಪ್ರಿಂಗು ಭಾರ ಇಳಿದಾಗ ಮಾಡುವ ಸದ್ದು ಮಾಡಿತು. ಟಕ್ ಟಕ್ ನಿಂತಿತು. ಅವಳು ಹೊದಿಕೆ ಎತ್ತಿ ನೋಡಿದಳು. ಅಪ್ಪನ ಅಂಗಿ ಗುಂಡಿ ಹಾಕಿದಂತೆಯೇ ಇತ್ತು, ಒಳಗೆ ಇನ್ನೂ ಬೆಚ್ಚಗಿತ್ತು.

ಮೆಟ್ಟಿಲ ಮೇಲೆ ಅಣ್ಣನ ಬೂಟಿನ ಸದ್ದು ಕೇಳಿಸಿತು. ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತ, "ಕಾರು ಬಾಗಿಲಲ್ಲೇ ಇದೆ, ಹೊರಡೋಣ," ಎಂದವನು ಮಂಚ ನೋಡಿದ. "ಅಪ್ಪ ಎಲ್ಲಿ?"

ಅಮ್ಮ ಪಕ್ಕದ ಸ್ಟೂಲಿನ ಮೇಲೆ ಅರ್ಧ ಉಳಿದಿದ್ದ ಬ್ರೆಡ್ಡಿನ ತಟ್ಟೆಯನ್ನು ಮಗಳ ಕಡೆ ಸರಿಸಿದರು. ಎರಡೂ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು ಕುರ್ಚಿಗೆ ಒರಗಿದರು.

"ಇದನ್ನ ತೆಗೆದುಬಿಡು ಪುಟ್ಟಿ," ಎಂದರು. "ನನಗೆ ಸಾಕು. ಹೊಟ್ಟೆ ತುಂಬ್ತು."

ಅಣ್ಣ ಅಮ್ಮನನ್ನು ನೋಡಿದ, ಖಾಲಿ ಮಂಚವನ್ನು ನೋಡಿದ, ಆಮೇಲೆ ಎಂದಿನಂತೆ ತಂಗಿಯ ಕಡೆ ತಿರುಗಿದ.

"ಏನಂತೆ?" ಎಂದು ಕೇಳಿದ.